ಗೌನು ಇದೆ, ದುಡ್ಡಿನ ಮಾತಿಲ್ಲ

ಮಾನ್ಯ ಸಂಪಾದಕರೇ,

ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಕಥೆ ಎಂದು ಬರುವ ಹಗುರ ಕಾದಂಬರಿಗಳು ಮಂಗಳೂರಿನ ಪುಸ್ತಕದಂಗಡಿಗಳಲ್ಲಿ ಈಗ ಜಾಸ್ತಿಯಾಗಿವೆ. ಸೊಸೆ ತಂದಿಟ್ಟ ನಾಲ್ಕೈದನ್ನು ಓದಿದೆ. ತುಂಬ ಬೇಸರವಾಯಿತು. ಗೌನು, ಕುದುರೆಗಾಡಿ, ಡ್ಯಾನ್ಸು ಎಲ್ಲ ಇದೆ. ದುಡ್ಡಿನ ಮಾತೇ ಇಲ್ಲ.

ಇಂಥ ಪುಸ್ತಕಗಳು ಯಾರ ಹೆಸರು ಹಿಡಿದು ಬರುತ್ತವೋ ಆ ಜೇನ್ ಆಸ್ಟಿನ್, ಆ ಕಾಲದ ಇಂಗ್ಲಿಷ್ ಕಾದಂಬರಿಗಾರ್ತಿ, ಹಾಗೆ ಬರೆದವರಲ್ಲ. 1813ರಲ್ಲಿ ಬಂದ ‘ಪ್ರೈಡ್ ಆ್ಯಂಡ್ ಪ್ರೆಜುಡೀಸ್’ ತೆಗೆದು ನೋಡಿ. ಬೆನೆಟ್ ಮನೆಯಲ್ಲಿ ಐವರು ಹೆಣ್ಣುಮಕ್ಕಳು. ಅಪ್ಪ ಕಣ್ಣು ಮುಚ್ಚಿದರೆ ಮನೆ, ಜಮೀನು ಎಲ್ಲ ದಾಯಾದಿ ಕಾಲಿನ್ಸ್ ಪಾಲು. ಎರಡನೆಯ ಮಗಳು ಎಲಿಜಬೆತ್ ಬೇಡವೆಂದ ಆ ಕಾಲಿನ್ಸ್‌ನನ್ನೇ ಅವಳ ಗೆಳತಿ ಶಾರ್ಲೆಟ್ ಒಪ್ಪಿಕೊಳ್ಳುತ್ತಾಳೆ. ಅವಳಿಗೆ 27 ವರ್ಷ, ಕೈಯಲ್ಲಿ ಕಾಸಿಲ್ಲ, ತಲೆ ಮೇಲೊಂದು ಸೂರು ಬೇಕು. ಮದುವೆಯಾದ ಮೇಲೆ ಗಂಡನನ್ನು ತೋಟದ ಕೆಲಸಕ್ಕೆ ಹುರಿದುಂಬಿಸಿ, ತಾನು ಅವನಿಂದ ದೂರವಾಗಿ ಮನೆಯ ಹಿಂಬದಿಯ ಕೋಣೆಯಲ್ಲಿ ಕೂರುತ್ತಾಳೆ. ಆ ಕೋಣೆ ನೆನೆದರೆ ನನಗೆ ಈಗಲೂ ಕರುಳು ಚುರುಕ್ಕೆನ್ನುತ್ತದೆ. ಅಳಿಯಸಂತಾನದಲ್ಲಿ ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬಂದದ್ದನ್ನು ಕಂಡ ತುಳುನಾಡಿನವರಿಗೆ, ಆಸ್ತಿ ಹೆಣ್ಣುಮಕ್ಕಳ ಕೈತಪ್ಪುವ ಆ ಸಂಕಟ ಇನ್ನೂ ಬೇಗ ತಟ್ಟುತ್ತದೆ, ಅಲ್ವಾ?

ನಾಯಕರೋ, ನಾನು ಓದಿದ್ದರಲ್ಲಿ ಎಲ್ಲರೂ ಡ್ಯೂಕ್‌ಗಳೇ, ಅಂದರೆ ಅತಿ ದೊಡ್ಡ ಪದವಿಯ ಶ್ರೀಮಂತರೇ. ಆಸ್ಟಿನ್ ಅವರ ಆರು ಕಾದಂಬರಿಗಳಲ್ಲಿ ಒಬ್ಬ ನಾಯಕನೂ ಡ್ಯೂಕ್ ಅಲ್ಲ. ಪಾದ್ರಿಗಳಿದ್ದಾರೆ, ನೌಕಾಪಡೆಯ ಕ್ಯಾಪ್ಟನ್ ಇದ್ದಾನೆ.

ಹಗುರ ಓದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆಸ್ಟಿನ್ ಹೆಸರು ಹಿಡಿದು ಬರೆಯುವವರು ಆಕೆ ಕಂಡದ್ದನ್ನೂ ಕಾಣಬೇಕು. ನಿಮ್ಮ ಭಾನುವಾರದ ಪುರವಣಿ ಇಂಥ ಪುಸ್ತಕಗಳನ್ನು ಪರಿಚಯಿಸುವಾಗ ಮೂಲ ಕಾದಂಬರಿಗಳ ಬಗ್ಗೆಯೂ ನಾಲ್ಕು ಮಾತು ಬರೆಯಲಿ.

— ನಿವೃತ್ತ ಶಿಕ್ಷಕಿ, ಕದ್ರಿ, ಮಂಗಳೂರು