ಗಾಳಿ ಜೋರಾಗೋ ಮುಂಚೆ ಬೇಲಿ ಕಂಬ ಒಮ್ಮೆ ಅಲ್ಲಾಡಿಸಿ ನೋಡಿ

ಎಲ್ಲರಿಗೂ ನಮಸ್ಕಾರ, ಗಾಳಿ ಶುರುವಾಗೋಕೆ ಮುಂಚೆ ತೋಟದ ಬೇಲಿ ಬಗ್ಗೆ ಒಂದು ಮಾತು. ಬೇಲಿ ಬೀಳೋದು ಹೆಚ್ಚಾಗಿ ಹಲಗೆ ವೀಕ್ ಆಗಿ ಅಲ್ಲ, ಕಂಬದ ಬುಡ ಹೋಗಿ. ಒಂದೊಂದೇ ಕಂಬನ ಎದೆ ಎತ್ತರದಲ್ಲಿ ಹಿಡಿದು ತಳ್ಳಿ ನೋಡಿ, ಬುಡದ ಸುತ್ತ ಮಣ್ಣು ಬಾಯಿ ಬಿಟ್ರೆ ಸಡಿಲ ಆಗಿದೆ ಅಂತ ಲೆಕ್ಕ, ಮರದ ಕಂಬ ಆದ್ರೆ ನೆಲಕ್ಕೆ ತಾಗೋ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ, ಸಲೀಸಾಗಿ ಒಳಗೆ ಹೋಯ್ತಾ, ಆ ಕಂಬದ ಕಥೆ ಮುಗೀತು, ಮೇಲೆ ಪೇಂಟ್ ಎಷ್ಟೇ ಚೆನ್ನಾಗಿರ್ಲಿ. (ನಾನು ಪೇಂಟ್ ನೋಡಿ ಮೋಸ ಹೋದವನೇ.)

ಹೊಸ ಕಂಬ ಹಾಕೋರು 6 ಅಡಿ ಬೇಲಿಗೆ ಕನಿಷ್ಠ 2 ಅಡಿ ಮಣ್ಣೊಳಗೆ ಇಳಿಸಿ, ಮಣ್ಣು ಸಡಿಲ ಇದ್ರೆ ಇನ್ನೂ ಆಳ. ಕಾಂಕ್ರೀಟ್ ಹಾಕಿದ್ರೆ ಮೇಲ್ಗಡೆ ಕಂಬದಿಂದ ಹೊರಕ್ಕೆ ಇಳಿಜಾರು ಕೊಡಿ, ಬುಡದಲ್ಲಿ ನೀರು ನಿಂತ್ರೆ ಕೊಳೆಯೋದು ಅಲ್ಲಿಂದಾನೇ.

ಇನ್ನೊಂದು ದೊಡ್ಡ ತಪ್ಪು, ಮರೆ ಬೇಕು ಅಂತ ಬೇಲಿಗೆ ಟಾರ್ಪಾಲು ಶೀಟು ಬಿಗಿಯಾಗಿ ಕಟ್ಟೋದು. ಗಾಳಿ ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟಾಗುತ್ತೆ, ಅದೆಲ್ಲ ಹಾಯಿ ಥರ ಬೇಲಿ ಮೇಲೇ ಬೀಳುತ್ತೆ, ಆಮೇಲೆ ಕಂಬ ಕಿತ್ಕೊಂಡು ಬರದೇ ಇರುತ್ತಾ? ಹಲಗೆ ಮಧ್ಯ ಸಂದಿ ಇರ್ಲಿ ಬಿಡಿ, ಗಾಳಿ ತೂರಿ ಹೋಗ್ಲಿ. ದಟ್ಟವಾಗಿ ಹಬ್ಬಿರೋ ಬಳ್ಳಿನೂ ಸ್ವಲ್ಪ ಕತ್ತರಿಸಿ, ಗೇಟಿಗೆ ಚಿಲಕ ಹಾಕಿಡಿ, ಬಡ್ಕೊಂಡು ಬಡ್ಕೊಂಡು ಪಕ್ಕದ ಕಂಬನೇ ಸಡಿಲ ಮಾಡುತ್ತೆ.

ತಕ್ಷಣ ರಿಪೇರಿ ಆಗಲ್ಲ ಅನ್ನೋರು ಕಂಬಕ್ಕೆ ಓರೆಯಾಗಿ ಒಂದು ಊರುಗೋಲು ಕೊಟ್ಟು ಬುಡದಲ್ಲಿ ಗೂಟ ಹೊಡೀರಿ. ಗಾಳಿ ಬೀಸ್ತಿರುವಾಗ ಮಾತ್ರ ಬೇಲಿ ಹಿಡ್ಕೊಳ್ಳೋಕೆ ಹೋಗ್ಬೇಡಿ, ಬಿದ್ರೆ ಬೀಳ್ಲಿ.