ಕಾಲೇಜು ಬದಲಾವಣೆಯ ನಂಬಿಕೆ ಬೇಡ

ಮಾನ್ಯ ಸಂಪಾದಕರೇ,

ಸಿಇಟಿ ಸೀಟು ಹಂಚಿಕೆಗೆ ಆಯ್ಕೆಗಳನ್ನು ನಮೂದಿಸಲು ಕುಳಿತ ನನ್ನ ಮಗಳು, ಕಲಬುರಗಿಯ ಎರಡು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾವುದಾದರೂ ಸರಿ, ಮುಂದಿನ ವರ್ಷ ಬೆಂಗಳೂರಿಗೆ ಬದಲಾಯಿಸಿಕೊಂಡರಾಯಿತು ಎಂದಳು. ಇದೇ ನಂಬಿಕೆಯಿಂದ ಸೇರಿದ ನನ್ನ ಅಣ್ಣನ ಮಗ, ಬಯಸಿದ ಕಾಲೇಜಿನಲ್ಲಿ ಸೀಟು ಖಾಲಿಯಿಲ್ಲದೆ, ನಿರಾಕ್ಷೇಪಣಾ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಊರಿಗೆ ಮರಳಿದ್ದನ್ನು ಕಂಡಿದ್ದೇನೆ. ಖಾಲಿ ಸೀಟು, ಎರಡೂ ಕಾಲೇಜುಗಳ ಒಪ್ಪಿಗೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅನುಮತಿ ಎಲ್ಲವೂ ಕೂಡಿಬರಬೇಕು. ಸ್ವಾಯತ್ತ ಕಾಲೇಜಾದರೆ ಪಠ್ಯಕ್ರಮದ ವ್ಯತ್ಯಾಸವೂ ತೊಡಕಾಗುತ್ತದೆ. ಸಂವಿಧಾನದ 371 (ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಹೊರಗಿನ ಕಾಲೇಜುಗಳಲ್ಲಿಯೂ ಶೇ 8ರ ಮೀಸಲಾತಿ ಇರುವುದರಿಂದ, ಬೆಂಗಳೂರೇ ಬೇಕೆನ್ನುವವರು ಅದನ್ನು ಮೊದಲ ಹಂಚಿಕೆಯಲ್ಲಿಯೇ ಕೇಳುವುದು ಲೇಸು. ಎರಡನೇ ವರ್ಷದ ಖಾಲಿ ಸೀಟುಗಳ ವಿವರವನ್ನು ಪ್ರತಿ ಕಾಲೇಜೂ ಮುಂಚಿತವಾಗಿ ಪ್ರಕಟಿಸುವಂತೆ ವಿಶ್ವವಿದ್ಯಾಲಯವು ಸೂಚಿಸಬೇಕೆಂದು ಕೋರುತ್ತೇನೆ.

– ಒಬ್ಬ ಪಾಲಕ, ಕಲಬುರಗಿ