ರಾಂಪತ್ರೆ ಹಣ್ಣಾಗುವವರೆಗೆ ಕಾಯುವವರು ಯಾರು?

ಮಾನ್ಯ ಅರಣ್ಯ ಸಚಿವರೇ,

ನಾನು ಸಿದ್ದಾಪುರ ಸೀಮೆಯ ಅಡಿಕೆ ಬೆಳೆಗಾರ. ಘಟ್ಟದ ತಗ್ಗುಗಳಲ್ಲಿ ವರ್ಷವಿಡೀ ನೀರು ಜಿನುಗುವ ಜಡ್ಡಿಗಳನ್ನು ಕಡಿದು ತೋಟ, ಗದ್ದೆ ಮಾಡಿದವರು ನಮ್ಮ ಹಿರಿಯರೇ. ಹಾಗಾಗಿ ತಪ್ಪೆಲ್ಲ ಇಲಾಖೆಯದು ಎನ್ನುವ ಬಾಯಿ ನನಗಿಲ್ಲ. ಅಂಥ ಜಡ್ಡಿಗಳಲ್ಲಿ ಉಳಿದಿರುವ ರಾಂಪತ್ರೆ ಮರಗಳ ಬಗ್ಗೆ ಮಾತ್ರ ಕೇಳುವುದಿದೆ.

ಜಾಯಿಕಾಯಿಯ ಕಾಡು ದಾಯಾದಿ ಇದು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದು. ಅಳಿವಿನ ಭೀತಿಯಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿದೆ. ತೊಗಟೆಗೆ ಕತ್ತಿ ತಾಗಿದರೆ ರಕ್ತದಂಥ ರಸ ಸುರಿಯುತ್ತದೆ. ಹಣ್ಣು ಬಿರಿದಾಗ ಬೀಜವನ್ನು ಅಪ್ಪಿಕೊಂಡ ಕೆಂಪು ಪತ್ರೆ ಕಾಣುತ್ತದೆ. ಪರಿಮಳದಲ್ಲಿ ಅದು ಅಸಲಿ ಜಾಪತ್ರೆಗೆ ಸಾಟಿಯಲ್ಲ, ಬಣ್ಣಕ್ಕಾಗಿಯೇ ವ್ಯಾಪಾರಿಗಳು ಕೊಳ್ಳುತ್ತಾರೆ. ಅದೇ ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ಬೀಜ ನುಂಗಿ, ದೂರದಲ್ಲೆಲ್ಲೋ ಉಗುಳಿ, ಕೂಲಿಯಿಲ್ಲದೆ ಬಿತ್ತನೆ ಮುಗಿಸುತ್ತದೆ. ಈ ಬಳಗದ ಹಣ್ಣುಗಳಿಗೆ ಸಿಂಗಳೀಕವೂ ಗಿರಾಕಿ.

ಕೆಡುಕು ಇರುವುದು ಕೊಯ್ಲಿನಲ್ಲಿ. ಬಲಿತ ಪತ್ರೆಗೆ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು ಎಂಬುದು ಕೊಯ್ಯುವವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಾನು ಬಿಟ್ಟ ಮರಕ್ಕೆ ನಾಳೆ ಇನ್ನೊಬ್ಬ ಹತ್ತುತ್ತಾನೆ ಎಂಬುದೂ ಗೊತ್ತು. ಅದಕ್ಕೇ ಎಳೆಗಾಯಿಯನ್ನು ಕೊಂಬೆ ಸಮೇತ ಸವರಿ ಇಳಿಸುತ್ತಾನೆ. ಕಾಡಿನ ಉತ್ಪನ್ನವನ್ನು ಅಲ್ಪಾವಧಿಗೆ ಗುತ್ತಿಗೆ ಹಿಡಿದವನಿಗೆ ಮುಂದಿನ ವರ್ಷದ ಫಸಲು ಯಾರಪ್ಪನ ಗಂಟು? ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ ಗೊಡ್ಡು ಎಂದು ಗಂಡು ಮರವನ್ನು ಕಡಿದರೆ ಪಕ್ಕದ ಹೆಣ್ಣು ಮರವೂ ಗೊಡ್ಡಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಗುತ್ತಿಗೆ ಕೈಬಿಟ್ಟು, ಇಂಥ ಮರ ಇಂಥ ಮನೆಯವರದು ಎಂದು ಗ್ರಾಮ ಅರಣ್ಯ ಸಮಿತಿಗಳ ಮೂಲಕ ಹಂಚಿಕೊಡಿ. ತನ್ನ ಮರವೆಂದಾದರೆ ಮನುಷ್ಯ ಕಾಯುತ್ತಾನೆ; ತೋಟದ ಸೊಪ್ಪಿಗೆಂದು ನಮಗೆ ಬಿಟ್ಟುಕೊಟ್ಟ ಬೆಟ್ಟಗಳಲ್ಲಿ ಇದನ್ನು ಕಂಡಿದ್ದೇವೆ. ಬಲಿಯದ ಪತ್ರೆಯನ್ನು ಕೊಳ್ಳುವುದಕ್ಕೆ ತಡೆ ಹಾಕಿ. ಪತ್ರೆ ಸುಲಿದ ಬೀಜದಲ್ಲಿ ಒಂದು ಪಾಲು ನರ್ಸರಿಗೆ ಬರಲಿ. ಬಂದ ಬೀಜ ಕಡತದ ಜೊತೆ ಮೇಜಿನ ಮೇಲೆ ಕೂರಬಾರದು, ಒಣಗಿದರೆ ಮೊಳೆಯುವುದಿಲ್ಲ.

ಇನ್ನೊಂದು ಮಾತು. ಶರಾವತಿ ಕಣಿವೆಯನ್ನು 2019ರಲ್ಲಿ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿದ್ದು ಸರ್ಕಾರವೇ. ಅದೇ ಕಣಿವೆಗೆ, ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರಲು ಹೊರಟಿದ್ದೂ ಸರ್ಕಾರವೇ. ಬದಲಿ ಅರಣ್ಯದಲ್ಲಿ ಸಸಿ ನೆಡಬಹುದು, ಜಡ್ಡಿಯನ್ನು ನೆಡಲಾಗದು.

ಕಡತ ನೋಡುವ ಮುನ್ನ ಒಮ್ಮೆ, ಇಂಥ ಜಡ್ಡಿ ಇರುವ ಕತ್ತಲೆಕಾನಿಗೆ ಬನ್ನಿ. ಹೊನ್ನಾವರದಿಂದ ಜೋಗಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಕೆಸರಿದೆ, ರಕ್ತ ಹೀರುವ ಉಂಬಳಗಳಿವೆ. ಸುಣ್ಣ, ತಂಬಾಕು ನಾವು ತರುತ್ತೇವೆ.

ಇಂತಿ,
ಸಿದ್ದಾಪುರ ಸೀಮೆಯ ಒಬ್ಬ ಬೆಳೆಗಾರ